ಫಾರ್ಸಿಯವರ ಇಂಗ್ಲಿಷ್: ಕ್ರಿಯಾಪದ ಕೊನೆಗೆ ಬರುವುದು ನಮ್ಮ ಹಾಗೇ, ತಪ್ಪುಗಳು ಮಾತ್ರ ಬೇರೆ ಯಾಕೆ?

ಸುಮಾ_ನಾರ್ತ್‌ಯಾರ್ಕ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಟೊರೊಂಟೊದ ಉತ್ತರ ಭಾಗದಲ್ಲಿ. ಯಂಗ್ ಸ್ಟ್ರೀಟ್ ಉದ್ದಕ್ಕೂ ಇರಾನಿಗಳ ಬೇಕರಿ, ದಿನಸಿ ಅಂಗಡಿ, ಟ್ರಾವೆಲ್ ಏಜೆನ್ಸಿ ಜಾಸ್ತಿ. ಜನ ತಮಾಷೆಗೆ ಈ ಕಡೆಯನ್ನು ತೆಹ್ರಾಂಟೊ ಅಂತಲೇ ಕರೆಯುತ್ತಾರೆ. ಹೊಸದಾಗಿ ಬಂದವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಅಭ್ಯಾಸ ಮಾಡಿಸುವ ವಾಲಂಟಿಯರ್ ಕೆಲಸ ನನ್ನದು. ಬರುವವರಲ್ಲಿ ಹೆಚ್ಚಿನವರು ಇರಾನಿಗಳು, ಕೆಲವರು ಕಾಬೂಲ್ ಕಡೆಯವರು.

ಅವರ ಭಾಷೆ ಫಾರ್ಸಿಯಲ್ಲೂ (ಪರ್ಷಿಯನ್) ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಅಂತ ಕೇಳಿದ್ದೆ. ಹಾಗಾದರೆ ಅವರ ತಪ್ಪುಗಳೂ ನಮ್ಮ ಕನ್ನಡ ಮೀಡಿಯಂ ಹುಡುಗರ ತಪ್ಪುಗಳ ಹಾಗೇ ಇರಬೇಕಲ್ವಾ? ಆದರೆ "ಐ ಬುಕ್ ರೀಡ್" ಅನ್ನುವವರು ನನಗೆ ಒಬ್ಬರೂ ಸಿಕ್ಕಿಲ್ಲ. ಅದರ ಬದಲು ಕೇಳುವುದು ಇಂಥವು:

"ಐ ಯೂಸ್ ಫ್ರಮ್ ದಿಸ್ ಆ್ಯಪ್." "ಐ ಎಂಜಾಯ್ಡ್ ಫ್ರಮ್ ದ ಮೂವಿ." "ಮೈ ಸಿಸ್ಟರ್ ಮ್ಯಾರೀಡ್ ವಿತ್ ಎ ಡೆಂಟಿಸ್ಟ್." "ದ ಮ್ಯಾನ್ ದಟ್ ಐ ಸಾ ಹಿಮ್." "ನೋಬಡಿ ಡಿಡಂಟ್ ಕಮ್." ಎಲ್ಲಕ್ಕಿಂತ ಜಾಸ್ತಿ, "ಮೈ ಮದರ್ ಈಸ್ ಟಯರ್ಡ್, ಹಿ ಈಸ್ ಸ್ಲೀಪಿಂಗ್."

ಓದಿದವರು, ಎಂಜಿನಿಯರುಗಳು, ಡಾಕ್ಟರುಗಳು ಹೀಗೆ ಮಾತಾಡುತ್ತಾರೆ. ಬರೆಯಲು ಕೊಟ್ಟರೆ ವ್ಯಾಕರಣ ಚೆನ್ನಾಗಿಯೇ ಗೊತ್ತು. ಫಾರ್ಸಿ ಬಲ್ಲವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಬೀದರ್_ಬಸವ

ಸುಮಾ ಮೇಡಂ, ಒಳ್ಳೆ ಪ್ರಶ್ನೆ. ನಾನು ಉರ್ದು ಮನೆಗಳ ನಡುವೆ ಬೆಳೆದವನು, ಫಾರ್ಸಿ ಆಮೇಲೆ ಆಸಕ್ತಿಯಿಂದ ಕಲಿತೆ. ನಮ್ಮೂರಿನಲ್ಲಿ ಆ ಭಾಷೆ ಬೇಡ ಅಂದರೂ ಕಣ್ಣಿಗೆ ಬೀಳುತ್ತದೆ. ಗಿಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿ ಮುಗಿಸಿದ ಮದರಸಾ ಇನ್ನೂ ನಿಂತಿದೆ.

ಮೊದಲ ವಿಷಯ. ಕ್ರಿಯಾಪದ ಕೊನೆಗೆ ಬರುತ್ತದೆ ಅನ್ನುವುದು ನಿಜ. "ಮನ್ ಕೆತಾಬ್ ರಾ ಖಾಂದಮ್" ಅಂದರೆ ನಾನು ಪುಸ್ತಕವನ್ನು ಓದಿದೆ. ಪದಕ್ಕೆ ಪದ ಕನ್ನಡವೇ. ಆ "ರಾ" ನಮ್ಮ "ಅನ್ನು" ಕೆಲಸ ಮಾಡುತ್ತದೆ. ಯಾವುದೋ ಒಂದು ಪುಸ್ತಕವಾದರೆ "ರಾ" ಬರುವುದಿಲ್ಲ, ಗೊತ್ತಿರುವ ಪುಸ್ತಕವಾದರೆ ಬರುತ್ತದೆ. ನಾವೂ "ಪುಸ್ತಕ ಓದಿದೆ", "ಪುಸ್ತಕವನ್ನು ಓದಿದೆ" ಅಂತ ಎರಡು ಥರ ಹೇಳುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ. "ನಾನು" ಅನ್ನುವುದನ್ನು ಬಿಟ್ಟರೂ ನಡೆಯುತ್ತದೆ. "ಖಾಂದಮ್" ಕೊನೆಯ "ಅಮ್" ಓದಿದವನು ನಾನು ಅಂತ ಹೇಳಿಬಿಡುತ್ತದೆ.

ಆದರೆ ಕ್ರಿಯಾಪದ ಬಿಟ್ಟರೆ ಉಳಿದ ವಾಕ್ಯ ಕನ್ನಡದ ದಿಕ್ಕಿನಲ್ಲಿ ಹೋಗುವುದಿಲ್ಲ. ನಾವು "ಮನೆಯಲ್ಲಿ" ಅನ್ನುತ್ತೇವೆ, ಅವರು "ದರ್ ಖಾನೆ" ಅನ್ನುತ್ತಾರೆ. "ಅಲ್ಲಿ" ಮುಂದೆ, ಮನೆ ಹಿಂದೆ. ಇದು ಇಂಗ್ಲಿಷಿನ ಕ್ರಮ. ನಾವು "ದೊಡ್ಡ ಮನೆ" ಅನ್ನುತ್ತೇವೆ, ಅವರು "ಖಾನೆ-ಯೆ ಬೊಜೊರ್ಗ್", ಮನೆ ಮೊದಲು, ದೊಡ್ಡದು ಆಮೇಲೆ. ಇದು ನಮ್ಮದೂ ಅಲ್ಲ, ಇಂಗ್ಲಿಷಿನದೂ ಅಲ್ಲ. ನಾವು "ಅವನು ಬರುತ್ತಾನೆ ಅಂತ ಅಂದುಕೊಂಡಿದ್ದೇನೆ" ಅಂದರೆ, ಅವರು "ಫೆಕ್ರ್ ಮಿಕೊನಮ್ ಕೆ ಮಿಯಾದ್" ಅನ್ನುತ್ತಾರೆ. ಅಂದುಕೊಂಡಿದ್ದೇನೆ ಮೊದಲು, ಬರುತ್ತಾನೆ ಆಮೇಲೆ. ಮತ್ತೆ ಇಂಗ್ಲಿಷಿನ ಕ್ರಮ.

ಒಟ್ಟಿನಲ್ಲಿ ಫಾರ್ಸಿ ಅರ್ಧ ದಾರಿ ಇಂಗ್ಲಿಷಿನ ಜೊತೆ ಹೋಗುತ್ತದೆ, ಅರ್ಧ ದಾರಿ ನಮ್ಮ ಜೊತೆ. ಅದಕ್ಕೇ ಅವರ ತಪ್ಪುಗಳು ನಮ್ಮ ತಪ್ಪುಗಳ ಜಾಗದಲ್ಲಿ ಬೀಳುವುದಿಲ್ಲ.

ಕೋಡ್_ಕಿಟ್ಟಿ

ಅಂದರೆ ಭೂಗೋಳದಲ್ಲಿ ಇರಾನ್ ಎಲ್ಲಿದೆಯೋ ವ್ಯಾಕರಣದಲ್ಲೂ ಅಲ್ಲೇ ಇದೆ. ಮಧ್ಯದಲ್ಲಿ.

ಬೀದರ್_ಬಸವ

ಹಹ್ಹ. ಈ ತಿರುಗುಮುರುಗು ಕ್ರಮ ಕರ್ನಾಟಕದ ಚರಿತ್ರೆಯಲ್ಲೂ ಸಿಗುತ್ತದೆ. ಟಿಪ್ಪು ತನ್ನ ಆಳ್ವಿಕೆಯನ್ನು ಕರೆದದ್ದು "ಸರ್ಕಾರ್-ಎ-ಖುದಾದಾದ್" ಅಂತ. ಸರ್ಕಾರ ಮುಂದೆ, ದೇವರು ಕೊಟ್ಟದ್ದು ಅನ್ನುವುದು ಹಿಂದೆ. ಕನ್ನಡದಲ್ಲಿ "ದೇವರು ಕೊಟ್ಟ ಸರ್ಕಾರ", ಪೂರ್ತಿ ಉಲ್ಟಾ. ನಡುವಿನ ಆ "ಎ" ಇದೆಯಲ್ಲ, ಅದಕ್ಕೆ ಎಜಾಫೆ ಅನ್ನುತ್ತಾರೆ. ಹೆಸರಿಗೆ ಗುಣ ಸೇರಿಸಬೇಕಾದರೂ ಅದೇ, ಒಡೆಯನನ್ನು ಸೇರಿಸಬೇಕಾದರೂ ಅದೇ.

"ನನ್ನ ಗೆಳೆಯನ ಅಣ್ಣನ ಪುಸ್ತಕ" ತಗೊಳ್ಳಿ. ಇಂಗ್ಲಿಷಿನಲ್ಲಿ "ಮೈ ಫ್ರೆಂಡ್ಸ್ ಬ್ರದರ್ಸ್ ಬುಕ್". ಒಂದೊಂದು ಪದವೂ ಕನ್ನಡದ ಸಾಲಿನಲ್ಲೇ ಬಂತು. ಫಾರ್ಸಿಯಲ್ಲಿ "ಕೆತಾಬ್-ಎ ಬರಾದರ್-ಎ ದೂಸ್ತ್-ಎ ಮನ್", ಪುಸ್ತಕ, ಅಣ್ಣ, ಗೆಳೆಯ, ನಾನು. ಬಾಲದಿಂದ ತಲೆಗೆ. ಹಾಗಾಗಿ ಇರಾನಿಗಳು "ದ ಬುಕ್ ಆಫ್ ದ ಬ್ರದರ್ ಆಫ್ ಮೈ ಫ್ರೆಂಡ್" ಅಂತ ಸುತ್ತಿ ಬರುತ್ತಾರೆ. ಇದು ತಪ್ಪು ಅಂತ ಹೇಳಲಾಗದು, ಆದರೆ ಕೇಳಿದವರಿಗೆ ಹಳೇ ಸರ್ಕಾರಿ ಕಾಗದ ಓದಿದ ಹಾಗೆ ಆಗುತ್ತದೆ. ಈ ಒಂದು ಜಾಗದಲ್ಲಿ ನಮಗೆ ಪುಕ್ಕಟೆ ಲಾಭ.

ದುಬೈ_ದೀಪಾ

ಇದು ನನ್ನ ಆಫೀಸಿನ ಇಮೇಲುಗಳಲ್ಲಿ ದಿನಾ ಕಾಣುತ್ತದೆ. "ದ ಕಾಪಿ ಆಫ್ ದ ಪಾಸ್‌ಪೋರ್ಟ್ ಆಫ್ ದ ವೈಫ್ ಆಫ್ ದ ಕ್ಲೈಂಟ್." ಓದಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತದೆ.

ಗಂಗೋತ್ರಿ_ಹಳಬ

ಮೈಸೂರು, ಬೆಂಗಳೂರಿನಲ್ಲಿ 2000ರ ದಶಕದಲ್ಲಿ ಇರಾನಿ ವಿದ್ಯಾರ್ಥಿಗಳು ಬಹಳ ಇದ್ದರು. ಮಾನಸಗಂಗೋತ್ರಿಯ ದಾರಿಯಲ್ಲಿ, ಸರಸ್ವತಿಪುರಂ ಬಾಡಿಗೆ ಮನೆಗಳಲ್ಲಿ ಎಲ್ಲಿ ನೋಡಿದರೂ ಸಿಗುತ್ತಿದ್ದರು. ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದವನು, ಅವರ ಥೀಸಿಸ್ ತಿದ್ದಿಕೊಟ್ಟಿದ್ದೇನೆ.

ಹಿ, ಶಿ ಗೊಂದಲದ ಬಗ್ಗೆ ಹೇಳುತ್ತೇನೆ. ಫಾರ್ಸಿಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಪದ, "ಊ". ಮರ್ಯಾದೆಗೆ "ಈಶಾನ್", ಅದರಲ್ಲೂ ಗಂಡು ಹೆಣ್ಣು ಭೇದವಿಲ್ಲ. ಕ್ರಿಯಾಪದದಲ್ಲೂ ಇಲ್ಲ. ಕನ್ನಡದಲ್ಲಿ "ಬಂದನು, ಬಂದಳು" ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. ಹಾಗಾಗಿ ಎಷ್ಟೇ ಹರಕು ಇಂಗ್ಲಿಷ್ ಇದ್ದರೂ ಕನ್ನಡದ ಹುಡುಗ ತನ್ನ ತಾಯಿಯನ್ನು "ಹಿ" ಅನ್ನುವುದಿಲ್ಲ. ಇರಾನಿ ಪ್ರೊಫೆಸರ್ ಅನ್ನುತ್ತಾರೆ. ಹಿ ಯಾವುದು, ಶಿ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಮಾತಿನ ಓಟದಲ್ಲಿ ಆ ವಿಂಗಡಣೆ ಮಾಡುವ ಅಭ್ಯಾಸ ಮನಸ್ಸಿಗಿಲ್ಲ. ಸುಮಾ, ನಿಮ್ಮ ಕ್ಲಾಸಿನವರು ಬರೆಯುವಾಗ ಈ ತಪ್ಪು ಮಾಡುತ್ತಾರಾ?

ಸುಮಾ_ನಾರ್ತ್‌ಯಾರ್ಕ್

ಬರೆಯುವಾಗ ತುಂಬಾ ಕಡಿಮೆ ಸರ್. ಮಾತಿನಲ್ಲೇ ಜಾಸ್ತಿ. ಹೇಳಿದ ತಕ್ಷಣ ತಾವೇ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಆ "ಫ್ರಮ್" ಕಥೆ ಏನು? ನನಗೆ ಅದೇ ಜಾಸ್ತಿ ಕುತೂಹಲ.

ಬೀದರ್_ಬಸವ

ಅದು ಈ ಇಡೀ ವಿಷಯದಲ್ಲೇ ಸ್ವಾರಸ್ಯದ ಭಾಗ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಫಾರ್ಸಿಯಲ್ಲಿ ಒಂಟಿ ಕ್ರಿಯಾಪದಗಳು ಕಡಿಮೆ. ದಿನಬಳಕೆಯ ಬಹಳಷ್ಟು ಕ್ರಿಯೆಗಳು ಜೋಡಿ. ಒಂದು ನಾಮಪದ, ಅದರ ಹಿಂದೆ ಮಾಡು, ಹೊಡೆ, ತಿನ್ನು, ಕೊಡು, ಎಳೆ ಅನ್ನುವಂಥ ಸಣ್ಣ ಕ್ರಿಯಾಪದ. ಮಾತಾಡುವುದು "ಹರ್ಫ್ ಜದನ್", ಅಂದರೆ ಮಾತು ಹೊಡೆಯುವುದು. ಕೇಳಿಸಿಕೊಳ್ಳುವುದು "ಗೂಶ್ ದಾದನ್", ಕಿವಿ ಕೊಡುವುದು. ಇದು ನಮ್ಮಲ್ಲೂ ಇದೆ. ಶೀತ ಆಗುವುದು "ಸರ್ಮಾ ಖೊರ್ದನ್", ಚಳಿ ತಿನ್ನುವುದು. ಆಣೆ ಇಡುವುದು "ಕಸಮ್ ಖೊರ್ದನ್", ಆಣೆ ತಿನ್ನುವುದು. ಸಿಗರೇಟು ಮಾತ್ರ ನಮ್ಮ ಹಾಗೇ ಎಳೆಯುತ್ತಾರೆ. ಬಿದ್ದುಬಿಡುವುದಕ್ಕೆ "ಜಮೀನ್ ಖೊರ್ದನ್" ಅನ್ನುತ್ತಾರೆ, ಅಕ್ಷರಶಃ ಜಮೀನು ತಿನ್ನುವುದು.

ಈಗ "ಬಳಸು" ಅನ್ನುವುದಕ್ಕೆ ಫಾರ್ಸಿಯಲ್ಲಿ "ಎಸ್ತೆಫಾದೆ ಕರ್ದನ್". ಎಸ್ತೆಫಾದೆ ಅಂದರೆ ಪ್ರಯೋಜನ, ಕರ್ದನ್ ಅಂದರೆ ಮಾಡು. ಆ್ಯಪ್ ಎಲ್ಲಿ ಕೂರಬೇಕು? ಕರ್ಮದ ಜಾಗದಲ್ಲಿ ಆಗಲೇ "ಪ್ರಯೋಜನ" ಕೂತುಬಿಟ್ಟಿದೆ. ಹಾಗಾಗಿ ಆ್ಯಪ್ ಬೇರೆ ಬಾಗಿಲಿನಿಂದ ಬರಬೇಕು. ಆ ಬಾಗಿಲೇ "ಅಜ್", ಅಂದರೆ "ಇಂದ". "ಅಜ್ ಇನ್ ಆ್ಯಪ್ ಎಸ್ತೆಫಾದೆ ಮಿಕೊನಮ್", ಈ ಆ್ಯಪ್‌ನಿಂದ ಪ್ರಯೋಜನ ಮಾಡುತ್ತೇನೆ. ಇಂಗ್ಲಿಷಿಗೆ ಬಂದಾಗ ಎಸ್ತೆಫಾದೆ ಕರ್ದನ್ ಎರಡೂ ಸೇರಿ "ಯೂಸ್" ಆಯಿತು, ಆದರೆ "ಇಂದ" ಹಾಗೇ ಉಳಿಯಿತು. ಯೂಸ್ ಫ್ರಮ್.

ಸಿನಿಮಾ ನೋಡಿ ಖುಷಿಪಟ್ಟರೆ "ಅಜ್ ಫಿಲ್ಮ್ ಲೆಜ್ಜತ್ ಬೊರ್ದಮ್", ಸಿನಿಮಾದಿಂದ ರುಚಿ ಒಯ್ದೆ. ಎಂಜಾಯ್ಡ್ ಫ್ರಮ್. ನಾಯಿಗೆ ಹೆದರಿದರೆ "ಅಜ್ ಸಗ್ ಮಿತರ್ಸಮ್", ನಾಯಿಯಿಂದ ಹೆದರುತ್ತೇನೆ. ಅಫ್ರೇಡ್ ಫ್ರಮ್. ಯಾರನ್ನೋ ಕೇಳಿದರೆ "ಅಜ್ ಊ ಪೊರ್ಸಿದಮ್", ಆಸ್ಕ್ಡ್ ಫ್ರಮ್ ಹಿಮ್. ಇದಕ್ಕಿಂತ ಅದು ವಾಸಿ ಅನ್ನುವುದಕ್ಕೂ "ಬೆಹ್ತರ್ ಅಜ್", ಬೆಟರ್ ಫ್ರಮ್. ಒಂದು ಸಣ್ಣ "ಅಜ್" ಹೋಗಿ ಇಂಗ್ಲಿಷಿನಲ್ಲಿ ಎಷ್ಟು ಕಡೆ ಬಾಗಿಲು ತಟ್ಟುತ್ತದೆ ನೋಡಿ.

ಮದುವೆಯದೂ ಇದೇ ಲೆಕ್ಕ. "ಎಜ್ದೆವಾಜ್ ಕರ್ದನ್", ಮದುವೆ ಮಾಡು. ಮದುವೆ ಅನ್ನುವ ಹೆಸರು ಆಗಲೇ ಒಳಗಿರುವುದರಿಂದ ಗಂಡು "ಬಾ", ಅಂದರೆ "ಜೊತೆ" ಅನ್ನುವ ಬಾಗಿಲಿನಿಂದ ಬರುತ್ತಾನೆ. ಮ್ಯಾರೀಡ್ ವಿತ್. ನಾವೂ "ಡಾಕ್ಟರ್ ಜೊತೆ ಮದುವೆಯಾಯಿತು" ಅನ್ನುತ್ತೇವೆ. ಹಾಗಾಗಿ ಈ ತಪ್ಪು ಬೆಂಗಳೂರಿನಲ್ಲೂ ಕೇಳುತ್ತೀರಿ.

ಇದನ್ನೆಲ್ಲ ಜನ ಪ್ರಿಪೊಸಿಷನ್ ತಪ್ಪು ಅಂತ ಪಟ್ಟಿ ಮಾಡುತ್ತಾರೆ. ನನ್ನ ಪ್ರಕಾರ ಇದು ವಾಕ್ಯದ ಕಟ್ಟೋಣದ ತಪ್ಪೇ. ಕ್ರಿಯಾಪದವನ್ನು ಹೇಗೆ ಕಟ್ಟುತ್ತಾರೆ ಅನ್ನುವುದರಿಂದ ಹುಟ್ಟಿದ್ದು.

ಕೋಡ್_ಕಿಟ್ಟಿ

ಜಮೀನು ತಿನ್ನುವುದು ಅಂದರೆ ಬೀಳುವುದಾ! ನಮ್ಮಲ್ಲಿ ಜಮೀನು ತಿಂದವರು ಯಾರೂ ಬಿದ್ದದ್ದು ನೋಡಿಲ್ಲ ಸ್ವಾಮಿ. ಮಂತ್ರಿಯೇ ಆಗುತ್ತಾರೆ.

ಮಲೆನಾಡಮ್ಮ

ಕಿಟ್ಟಿ, ರಾಜಕೀಯ ಬೇಡ, ಈ ಚರ್ಚೆಯನ್ನೂ ಲಾಕ್ ಮಾಡಿಸಬೇಡ.

ಬಸವ ಅವರೇ, ಪರೀಕ್ಷೆಗೂ ಅವರು "ಕೊಡು" ಅನ್ನುತ್ತಾರಾ? ಉತ್ತರದವರು "ಗಿವ್ ಎಕ್ಸಾಮ್" ಅನ್ನುವುದು ಕೇಳಿದ್ದೇನೆ.

ಬೀದರ್_ಬಸವ

ಹೌದು ಅಮ್ಮಾ. "ಎಮ್ತೆಹಾನ್ ದಾದನ್", ಪರೀಕ್ಷೆ ಕೊಡು. ಉರ್ದು ಹಿಂದಿಯ "ಇಮ್ತಿಹಾನ್ ದೇನಾ" ಕೂಡ ಅದೇ ಅಚ್ಚು. ಟೆಹ್ರಾನಿನ ಹುಡುಗ, ಲಖನೌ ಹುಡುಗ ಇಬ್ಬರೂ "ಐ ಗೇವ್ ಎಕ್ಸಾಮ್" ಅನ್ನುತ್ತಾರೆ. ನಾವು ಕನ್ನಡದವರು ಹೆಚ್ಚಾಗಿ ಪರೀಕ್ಷೆ ಬರೆಯುತ್ತೇವೆ, ಹಾಗಾಗಿ "ಐ ರೋಟ್ ಎಕ್ಸಾಮ್".

ಭಾಷಾಹುಚ್ಚ

ತಡವಾಗಿ ಬಂದೆ. ಎಲ್ಲ ಚೆನ್ನಾಗಿದೆ, ಆದರೆ ಒಂದು ತಕರಾರು. ಎಲ್ಲ ತಪ್ಪನ್ನೂ ಮಾತೃಭಾಷೆಯ ತಲೆಗೆ ಕಟ್ಟುವುದು ಹಳೇ ಚಟ. 1957ರಲ್ಲಿ ಭಾಷಾವಿಜ್ಞಾನಿ ರಾಬರ್ಟ್ ಲಾಡೊ ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಲಿಯುವವರಿಗೆ ಎಲ್ಲಿ ಕಷ್ಟ ಅಂತ ಮೊದಲೇ ಹೇಳಬಹುದು ಅಂದರು. ಹತ್ತು ವರ್ಷದ ಮೇಲೆ, 1967ರಲ್ಲಿ ಪಿಟ್ ಕಾರ್ಡರ್ ಬಂದು, ತಪ್ಪುಗಳು ಕಲಿಯುವವನ ತಲೆಯಲ್ಲಿ ನಡೆಯುತ್ತಿರುವ ಕಟ್ಟಡ ಕೆಲಸದ ಗುರುತು ಅಂದರು. 1972ರಲ್ಲಿ ಲ್ಯಾರಿ ಸೆಲಿಂಕರ್ ಅದಕ್ಕೆ ಇಂಟರ್‌ಲ್ಯಾಂಗ್ವೇಜ್ ಅಂತ ಹೆಸರಿಟ್ಟರು. ಮಾತೃಭಾಷೆಯೂ ಅಲ್ಲ, ಕಲಿಯುತ್ತಿರುವ ಭಾಷೆಯೂ ಅಲ್ಲ, ನಡುವಿನ ಒಂದು ಭಾಷೆ.

ಒಂದು ಪರೀಕ್ಷೆ ಮಾಡಿ. "ಹಿ ಗೋ" ಅನ್ನುವ ತಪ್ಪು ಇರಾನಿಗಳು ಮಾಡುತ್ತಾರಾ? ಧಾರಾಳವಾಗಿ. ಆದರೆ ಫಾರ್ಸಿ ಕ್ರಿಯಾಪದ ನೋಡಿ. ಮಿರವಮ್, ಮಿರವಿ, ಮಿರವದ್, ಮಿರವೀಮ್, ಮಿರವೀದ್, ಮಿರವಂದ್. ನಾನು, ನೀನು, ಅವನು, ನಾವು, ನೀವು, ಅವರು, ಆರಕ್ಕೂ ಆರು ಬಾಲ. ಇಷ್ಟು ಬಾಲ ನಿಭಾಯಿಸುವವರಿಗೆ ಇಂಗ್ಲಿಷಿನ ಒಂದೇ ಒಂದು "ಎಸ್" ಯಾಕೆ ಕೈಕೊಡುತ್ತದೆ? ಚೀನೀ ಭಾಷೆಯಲ್ಲಿ ಇಂಥ ಬಾಲವೇ ಇಲ್ಲ, ಅವರೂ ಬಿಡುತ್ತಾರೆ. ಸ್ಪ್ಯಾನಿಷಿನಲ್ಲಿ ಬೇಕಾದಷ್ಟಿದೆ, ಅವರೂ ಬಿಡುತ್ತಾರೆ. ಇಂಗ್ಲಿಷ್ ಮನೆಮಾತಾಗಿರುವ ಪುಟ್ಟ ಮಕ್ಕಳೂ ಮೊದಮೊದಲು ಬಿಡುತ್ತಾರೆ. ಇದು ಇಂಗ್ಲಿಷಿನದೇ ತೊಡಕು.

ಬೀದರ್_ಬಸವ

"ಎಸ್" ವಿಷಯ ಸರಿ. ಅದರಲ್ಲೂ ಒಂದು ಎಳೆ ಇದೆ ಅನ್ನಿಸುತ್ತದೆ. ಫಾರ್ಸಿಯಲ್ಲಿ ಆ ಬಾಲವೇ "ನಾನು, ನೀನು" ಹೇಳುವ ಕೂಲಿ. ಅದನ್ನು ಬಿಟ್ಟರೆ ಅರ್ಥವೇ ಹೋಗುತ್ತದೆ. ಇಂಗ್ಲಿಷಿನಲ್ಲಿ "ಹಿ" ಆಗಲೇ ಆ ಕೆಲಸ ಮುಗಿಸಿದೆ. "ಎಸ್"ಗೆ ಮಾಡಲು ಏನೂ ಉಳಿದಿಲ್ಲ. ಹಾಗಾಗಿ ಬಿಡುತ್ತಾರೆ.

ಆದರೆ "ಯೂಸ್ ಫ್ರಮ್" ತಪ್ಪನ್ನು ಚೀನಾದವರು ಈ ಪಾಟಿ ಮಾಡುವುದಿಲ್ಲವಲ್ಲ. ಅದಕ್ಕೇನು ಹೇಳುತ್ತೀರಿ?

ಭಾಷಾಹುಚ್ಚ

ಅದು ಶುದ್ಧ ಫಾರ್ಸಿಯ ಮುದ್ರೆ, ಒಪ್ಪಿದೆ. ಎರಡನ್ನೂ ಬೇರೆ ಬೇರೆ ಇಡಬೇಕು ಅನ್ನುವುದಷ್ಟೇ ನನ್ನ ವಾದ. ಸುಮಾ ಅವರ ಪಟ್ಟಿಯಲ್ಲಿ "ಐ ಸಾ ಹಿಮ್" ಅನ್ನುವುದೂ ಮುದ್ರೆಯೇ. ಅದನ್ನು ಯಾರೂ ಮುಟ್ಟಿಲ್ಲ.

ಫಾರ್ಸಿಯಲ್ಲಿ "ಮರ್ದಿ ಕೆ ದಿದಮೆಶ್", ಒಬ್ಬ ಗಂಡಸು, "ಕೆ" ಅನ್ನುವ ಕೊಂಡಿ, ನೋಡಿದೆ-ಅವನನ್ನು. ಕೊನೆಯ "ಎಶ್" ಅಂದರೆ ಅವನನ್ನು. ಇಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ. ಆದರೆ "ಯಾರ ಜೊತೆ ಮಾತಾಡಿದೆನೋ ಆ ಗಂಡಸು" ಅನ್ನಬೇಕಾದರೆ "ಮರ್ದಿ ಕೆ ಬಾ ಊ ಹರ್ಫ್ ಜದಮ್", ಅವನ ಜೊತೆ ಅನ್ನುವುದು ಬರಲೇಬೇಕು. ಇಂಗ್ಲಿಷಿನಲ್ಲಿ ಆ ಜಾಗವನ್ನು ಖಾಲಿ ಬಿಡಬೇಕು. "ದ ಮ್ಯಾನ್ ಐ ಟಾಕ್ಡ್ ಟು", ಅಷ್ಟೇ. ಆ ಖಾಲಿ ಜಾಗ ಇರಾನಿಗೆ ಸಹಿಸಲು ಕಷ್ಟ, "ಹಿಮ್" ತುಂಬುತ್ತಾನೆ. "ಬಂದ ಗಂಡಸು" ಅನ್ನುವಂಥ ಕಡೆ ಫಾರ್ಸಿಯೂ ಸರ್ವನಾಮ ಹಾಕುವುದಿಲ್ಲ. ಹಾಗಾಗಿ "ದ ಮ್ಯಾನ್ ಹೂ ಹಿ ಕೇಮ್" ಅನ್ನುವುದು ಅಷ್ಟಾಗಿ ಕೇಳುವುದಿಲ್ಲ. ತಪ್ಪು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎರಡೂ ಫಾರ್ಸಿಗೆ ಹೊಂದುತ್ತವೆ. ಇದು ಗಟ್ಟಿ ಪುರಾವೆ.

ಗಂಗೋತ್ರಿ_ಹಳಬ

ಈ ಜಾಗದಲ್ಲಿ ನಮ್ಮವರು ಏನು ಮಾಡುತ್ತಾರೆ ಗೊತ್ತಾ? ಕನ್ನಡದಲ್ಲಿ "ನಾನು ನೋಡಿದ ಮನುಷ್ಯ". "ಹೂ, ದಟ್" ಅನ್ನುವ ಕೊಂಡಿಯೇ ಬೇಡ, "ನೋಡಿದ" ಅನ್ನುವುದು ಮುಂದೆ ಬಂದು ಕೂತರೆ ಮುಗಿಯಿತು. ಇಂಗ್ಲಿಷಿನಲ್ಲಿ ಹಾಗೆ ಹೇಳಲು ದಾರಿ ಇಲ್ಲ. ಹಾಗಾಗಿ ನಮ್ಮ ಹುಡುಗರು ಆ ರಚನೆಯನ್ನೇ ತಪ್ಪಿಸಿಕೊಂಡು ಓಡುತ್ತಾರೆ. "ನಿನ್ನೆ ಒಬ್ಬರು ಸಿಕ್ಕಿದ್ರಲ್ಲಾ, ಅವರು ಬಂದಿದ್ದಾರೆ" ಅನ್ನುವ ಧಾಟಿಯಲ್ಲಿ "ಯೆಸ್ಟರ್ಡೇ ವಿ ಮೆಟ್ ಒನ್ ಮ್ಯಾನ್ ನೋ, ಹಿ ಹ್ಯಾಸ್ ಕಮ್." ಎರಡು ವಾಕ್ಯ, ನಡುವೆ ಒಂದು "ನೋ". ಇರಾನಿ ಧೈರ್ಯವಾಗಿ ನುಗ್ಗಿ ತಪ್ಪು ಮಾಡುತ್ತಾನೆ, ನಾವು ಬಳಸು ದಾರಿ ಹಿಡಿಯುತ್ತೇವೆ. ಪೇಪರ್ ತಿದ್ದುವವನಿಗೆ ಇರಾನಿಯ ತಪ್ಪು ಕಾಣುತ್ತದೆ, ನಮ್ಮದು ಕಾಣುವುದಿಲ್ಲ. ಅಂದಮಾತ್ರಕ್ಕೆ ನಮಗೆ ಆ ರಚನೆ ಬರುತ್ತದೆ ಅಂತಲ್ಲ.

ದುಬೈ_ದೀಪಾ

ಗುರುಗಳೇ, ನಮ್ಮ ಗುಟ್ಟೆಲ್ಲ ರಟ್ಟು ಮಾಡುತ್ತಿದ್ದೀರಿ.

ಪ್ರಶ್ನೆ ಕೇಳುವುದರಲ್ಲಿ ಮಾತ್ರ ಇರಾನಿಗಳು, ನಾವು ಒಂದೇ ದೋಣಿ ಅನ್ನಿಸುತ್ತದೆ. "ಯು ಆರ್ ಕಮಿಂಗ್?" "ವೇರ್ ಯು ಲಿವ್?"

ಬೀದರ್_ಬಸವ

ಹೆಚ್ಚುಕಡಿಮೆ. ಬರವಣಿಗೆಯಲ್ಲಿ ವಾಕ್ಯದ ಮುಂದೆ "ಆಯಾ" ಅಂತ ಒಂದು ಪದ ಇಟ್ಟರೆ ಪ್ರಶ್ನೆ. ಮಾತಿನಲ್ಲಿ ಅದೂ ಇಲ್ಲ, ದನಿ ಏರಿಸಿದರೆ ಸಾಕು. "ಎಲ್ಲಿ, ಏನು" ಅನ್ನುವ ಪದಗಳು ನಮ್ಮ ಹಾಗೇ ಇದ್ದಲ್ಲೇ ಇರುತ್ತವೆ. "ಶೊಮಾ ಕೊಜಾ ಜೆಂದೆಗಿ ಮಿಕೊನಿದ್", ನೀವು ಎಲ್ಲಿ ವಾಸ ಮಾಡುತ್ತೀರಿ. ಇಂಗ್ಲಿಷಿನ ಆ "ಡು, ಡಸ್, ಡಿಡ್" ಮೆರವಣಿಗೆ ಅವರಿಗೂ ಅರ್ಥವಿಲ್ಲದ್ದು, ನಮಗೂ ಅರ್ಥವಿಲ್ಲದ್ದು.

"ನೋಬಡಿ ಡಿಡಂಟ್ ಕಮ್" ಬಗ್ಗೆ ಒಂದೇ ಮಾತು. "ಹಿಚ್‌ಕಸ್ ನಯಾಮದ್". ಇಲ್ಲಿ ಹಿಚ್‌ಕಸ್, ಅಂದರೆ ನೋಬಡಿ, ಬಂದರೆ ಕ್ರಿಯಾಪದಕ್ಕೂ "ನ" ಸೇರಲೇಬೇಕು. ನಮ್ಮ "ಯಾರೂ ಬರಲಿಲ್ಲ" ಕೂಡ ಹಾಗೇ ಇದೆ, ಆದರೆ "ಯಾರೂ" ನಮಗೆ "ನೋಬಡಿ" ಥರ ಕೇಳಿಸುವುದಿಲ್ಲ. ಇನ್ನು ಸಂಖ್ಯೆಯ ಜೊತೆ ಏಕವಚನ. "ಸೆ ಕೆತಾಬ್", ಮೂರು ಪುಸ್ತಕ. "ತ್ರೀ ಬುಕ್" ಅನ್ನುವವರು ಅವರಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ.

ಸುಮಾ_ನಾರ್ತ್‌ಯಾರ್ಕ್

ಎಷ್ಟು ವಿಷಯ! ಇನ್ನೊಂದು ನೆನಪಾಯಿತು. "ಆಲ್‌ದೋ ಇಟ್ ವಾಸ್ ಸ್ನೋಯಿಂಗ್, ಬಟ್ ವಿ ವೆಂಟ್." ಆಲ್‌ದೋ ಮತ್ತು ಬಟ್ ಎರಡನ್ನೂ ಹಾಕುತ್ತಾರೆ. ಇದೂ ಫಾರ್ಸಿಯಿಂದಲೇನಾ?

ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲಿಲ್ಲ. "ಐ ಬುಕ್ ರೀಡ್" ಯಾಕೆ ಯಾರೂ ಅನ್ನುವುದಿಲ್ಲ?

ಬೀದರ್_ಬಸವ

ಆಲ್‌ದೋ ಬಟ್, ಹೌದು. "ಅಗರ್ಚೆ" ಅಂತ ಶುರು ಮಾಡಿ "ವಲಿ" ಅಂತ ಮುಂದುವರಿಸುವುದು ಫಾರ್ಸಿಯಲ್ಲಿ ಸಹಜ. ಎರಡು ಕಡೆಯೂ ಒಂದೊಂದು ಗೂಟ.

ಎರಡನೆಯದಕ್ಕೆ ನನ್ನ ಉತ್ತರ ಹೀಗೆ. ಕ್ರಿಯಾಪದ ಎಲ್ಲಿ ಬರುತ್ತದೆ ಅನ್ನುವುದು ಎದ್ದು ಕಾಣುವ ವ್ಯತ್ಯಾಸ. ಇಂಗ್ಲಿಷಿನ ಪ್ರತಿ ವಾಕ್ಯವೂ ಅದನ್ನು ಕಿವಿಗೆ ಹಾಕುತ್ತದೆ. ಶಾಲೆಯ ಮೊದಲ ಪಾಠದಲ್ಲೇ ಅದನ್ನು ತಿದ್ದುತ್ತಾರೆ. ಹಾಗಾಗಿ ಬೇಗ ಬಿಟ್ಟುಹೋಗುತ್ತದೆ. "ಯೂಸ್" ಪಕ್ಕ "ಫ್ರಮ್" ಇಲ್ಲ ಅನ್ನುವುದನ್ನು ಕಿವಿ ಹೇಗೆ ಹಿಡಿಯಬೇಕು? ಇಲ್ಲದ್ದು ಕೇಳಿಸುವುದಿಲ್ಲ. ಕೇಳಿದವರಿಗೂ ಅರ್ಥ ಆಗಿಬಿಡುತ್ತದೆ, ಯಾರೂ ತಿದ್ದುವುದಿಲ್ಲ.

ಇನ್ನೊಂದು ಕಾರಣ, ಆಡುಮಾತಿನ ಫಾರ್ಸಿಯಲ್ಲೇ ಎಲ್ಲವೂ ಕ್ರಿಯಾಪದಕ್ಕಿಂತ ಮುಂಚೆ ಬರಬೇಕು ಅಂತಿಲ್ಲ. ಬರೆಯುವಾಗ "ಬೆ ಖಾನೆ ರಫ್ತಮ್", ಮನೆಗೆ ಹೋದೆ. ಬೀದಿಯಲ್ಲಿ "ರಫ್ತಮ್ ಖುನೆ", ಹೋದೆ ಮನೆ. ಹೋಗುವ ಜಾಗ ಕ್ರಿಯಾಪದದ ಹಿಂದೆ ಬರುವುದು ಅವರಿಗೆ ದಿನದ ಮಾತು. "ಕೆ" ಹಾಕಿದ ಮಾತುಗಳಂತೂ ಯಾವಾಗಲೂ ಹಿಂದೆಯೇ. ಆಗಲೇ ಅರ್ಧ ಪಳಗಿದ ಕೈ.

ಭಾಷಾಹುಚ್ಚ

ಇದಕ್ಕೆ ನನ್ನ ಪೂರ್ತಿ ಸಹಮತ ಇದೆ. ದೂರದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ, ಹತ್ತಿರದ್ದು ಬೀಳುವುದಿಲ್ಲ. "ನಂಗೆ ನಿದ್ದೆ ಬರ್ತಿದೆ" ಅನ್ನುವುದಕ್ಕೆ ಫಾರ್ಸಿಯಲ್ಲಿ "ಖಾಬಮ್ ಮಿಯಾದ್", ನನ್ನ ನಿದ್ದೆ ಬರುತ್ತದೆ. ಮರೆತೆ ಅನ್ನುವುದಕ್ಕೆ "ಯಾದಮ್ ರಫ್ತ್", ನನ್ನ ನೆನಪು ಹೋಯಿತು. ಇಂಗ್ಲಿಷಿನಲ್ಲಿ ಇವೆಲ್ಲ "ಐ" ಅಂತ ಶುರುವಾಗಬೇಕು. "ಮೈ ಸ್ಲೀಪ್ ಕಮ್ಸ್" ಅನ್ನುವ ಇರಾನಿ ಸಿಗುತ್ತಾನಾ? ಶುರುವಿನ ಕ್ಲಾಸಿನಲ್ಲಿ ಬಿಟ್ಟರೆ ಸಿಗುವುದಿಲ್ಲ. ಅಷ್ಟು ದೂರದ್ದು ತಾನಾಗಿಯೇ ವಿಚಿತ್ರ ಅನ್ನಿಸುತ್ತದೆ.

ಮಲೆನಾಡಮ್ಮ

"ನನ್ನ ನೆನಪು ಹೋಯಿತು" ಅನ್ನುವುದು ನನಗೂ ಈಗೀಗ ಹೊಂದುತ್ತದೆ.

ವಾಕ್ಯದ ವಿಷಯ ಅಲ್ಲ, ಆದರೂ ಕೇಳುತ್ತೇನೆ. ಇರಾನಿಗಳು ಸ್ಕೂಲಿಗೆ "ಎಸ್ಕೂಲ್" ಅನ್ನುತ್ತಾರಲ್ಲ, ನಮ್ಮ ಹಳ್ಳಿಯ "ಇಸ್ಕೂಲು" ಅದೇನಾ?

ಬೀದರ್_ಬಸವ

ತೊಂದರೆ ಒಂದೇ ಅಮ್ಮಾ. ಪದದ ಶುರುವಿನಲ್ಲಿ ಎರಡು ವ್ಯಂಜನ ಒಟ್ಟಿಗೆ ಬರುವುದನ್ನು ಫಾರ್ಸಿ ಒಪ್ಪುವುದಿಲ್ಲ. ಮುಂದೆ ಒಂದು ಸ್ವರದ ಮೆಟ್ಟಿಲು ಹಾಕುತ್ತಾರೆ. ಸ್ಕೀ ಅನ್ನುವುದು ಅವರ ಭಾಷೆಯಲ್ಲೇ "ಎಸ್ಕಿ".

ಸುಮಾ_ನಾರ್ತ್‌ಯಾರ್ಕ್

ಈಗ ಕೆಲಸಕ್ಕೆ ಬರೋಣ. ತಿದ್ದುವುದು ಹೇಗೆ? ನಾನು ಕಾರಣ ವಿವರಿಸಲು ಹೋದರೆ ನನ್ನ ಫಾರ್ಸಿ ಸಾಲದು.

ಗಂಗೋತ್ರಿ_ಹಳಬ

ಕಾರಣ ಅವರಿಗೇ ಗೊತ್ತಾಗುತ್ತದೆ, ನೀವು ತೋರಿಸಿದರೆ ಸಾಕು. ನಾನು ಮಾಡುತ್ತಿದ್ದದ್ದು ಇಷ್ಟು. ಬೋರ್ಡಿನ ಮೇಲೆ "ಯೂಸ್, ಎಂಜಾಯ್, ಆಸ್ಕ್, ಮ್ಯಾರಿ, ಹೆಲ್ಪ್, ಎಂಟರ್" ಅಂತ ಬರೆದು, ಪ್ರತಿಯೊಂದರ ಮುಂದೆ ನೇರವಾಗಿ ಒಂದು ವಸ್ತು ಅಥವಾ ಒಬ್ಬ ಮನುಷ್ಯ. ಯೂಸ್ ಎ ಪೆನ್. ಮ್ಯಾರಿ ಎ ಡಾಕ್ಟರ್. ಅದರ ಕೆಳಗೆ ಅವರ ಕೈಯಲ್ಲೇ ಫಾರ್ಸಿ ಬರೆಸುತ್ತಿದ್ದೆ. ಆ "ಅಜ್, ಬಾ, ಬೆ" ಮೇಲೆ ಅವರೇ ಗೆರೆ ಎಳೆಯಬೇಕು. ನಮ್ಮ ವಿವರಣೆಗಿಂತ ಅವರ ಗೆರೆ ಚೆನ್ನಾಗಿ ಕೂರುತ್ತದೆ.

ಪದವನ್ನು ಒಂಟಿಯಾಗಿ ಕಲಿಸಬೇಡಿ. "ಅಫ್ರೇಡ್" ಅಂತ ಕಲಿಸಿದರೆ "ಫ್ರಮ್" ಬಂದೇ ಬರುತ್ತದೆ. "ಅಫ್ರೇಡ್ ಆಫ್ ಡಾಗ್ಸ್" ಅಂತ ಪೂರ್ತಿ ತುಂಡನ್ನೇ ಕೊಡಿ.

ವ್ಯಾಕರಣ ಗೊತ್ತಿದ್ದೂ ಮಾತಿನಲ್ಲಿ ಬರುವುದಿಲ್ಲ ಅಂದಿರಲ್ಲ, ಅದಕ್ಕೆ ಅವರ ಶಾಲೆಯೂ ಕಾರಣ. ಇರಾನಿನಲ್ಲಿ ಶಾಲೆಯ ಇಂಗ್ಲಿಷ್ ಹೈಸ್ಕೂಲು ಹಂತದಲ್ಲೇ ಶುರು. 2018ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಪಾಠವನ್ನೇ ನಿಷೇಧಿಸಿದರು. ಕಾಲೇಜು ಸೇರಲು ಕೊಂಕೂರ್ ಅನ್ನುವ ದೊಡ್ಡ ಪರೀಕ್ಷೆ ಇದೆ. ಹಲವು ವರ್ಷ ಅದರಲ್ಲಿ ಇಂಗ್ಲಿಷ್ ಪ್ರಶ್ನೆಗಳೂ ಇರುತ್ತಿದ್ದವು, ಎಲ್ಲವೂ ನಾಲ್ಕರಲ್ಲಿ ಒಂದು ಆರಿಸುವಂಥವು. ನಾಲ್ಕು ಉತ್ತರ ಮುಂದಿದ್ದರೆ ಸರಿಯಾದದ್ದನ್ನು ಹೆಕ್ಕುತ್ತಾರೆ. ಬಾಯಿ ತೆರೆದಾಗ ನಾಲ್ಕು ಉತ್ತರ ಯಾರು ಕೊಡುತ್ತಾರೆ? ನಮ್ಮ ಸಿಇಟಿ ಹುಡುಗರನ್ನು ನೋಡಿದವರಿಗೆ ಇದು ಹೊಸದಲ್ಲ.

ದುಬೈ_ದೀಪಾ

ಹಿ, ಶಿಗೆ ಏನಾದರೂ ಉಪಾಯ?

ಗಂಗೋತ್ರಿ_ಹಳಬ

ಅದಕ್ಕೆ ವಿವರಣೆ ದಂಡ. ಅಭ್ಯಾಸ ಒಂದೇ ದಾರಿ. ಮನೆಯವರ ಫೋಟೋ ತರಲು ಹೇಳಿ, ಅಕ್ಕ, ಭಾವ, ಅತ್ತೆ ಎಲ್ಲರ ಬಗ್ಗೆ ಸರಸರ ಹೇಳಿಸಿ. ಅಂಥ ಕಥೆಯಲ್ಲಿ ಅವನು, ಅವಳು ಅಡ್ಡಾಡುತ್ತಾ ಬರಬೇಕು. ಒಬ್ಬರ ಬಗ್ಗೆಯೇ ಮಾತಾಡಿ ಅಂದರೆ ಏನೂ ಉಪಯೋಗವಿಲ್ಲ. ನಡುವೆ ತಡೆದು ತಿದ್ದಬೇಡಿ, ಮಾತು ನಿಂತುಹೋಗುತ್ತದೆ.

ಸುಮಾ_ನಾರ್ತ್‌ಯಾರ್ಕ್

ಫೋಟೋ ಉಪಾಯ ಚೆನ್ನಾಗಿದೆ. ಮುಂದಿನ ವಾರವೇ ಮಾಡುತ್ತೇನೆ. ಕಾಬೂಲಿನಿಂದ ಬಂದವರು ತಾವು ಮಾತಾಡುವುದು ದರಿ ಅನ್ನುತ್ತಾರೆ. ಅವರಿಗೂ ಇದೇ ಹೊಂದುತ್ತದಾ?

ಬೀದರ್_ಬಸವ

ಹೊಂದುತ್ತದೆ. ಇರಾನಿನ ಫಾರ್ಸಿ, ಅಫ್ಘಾನಿಸ್ತಾನದ ದರಿ, ತಜಿಕಿಸ್ತಾನದ ತಜಿಕ್ ಮೂರೂ ಒಂದೇ ಭಾಷೆಯ ಮೂರು ಮುಖ. ಉಚ್ಚಾರ, ಕೆಲವು ಪದ ಬೇರೆ. ತಜಿಕರು ರಷ್ಯನ್ ಥರದ ಲಿಪಿಯಲ್ಲಿ ಬರೆಯುತ್ತಾರೆ. ವಾಕ್ಯದ ಎಲುಬು ಅದೇ, "ಅಜ್" ಕೂಡ ಅದೇ. ಆದರೆ ಅಫ್ಘಾನಿಗಳಲ್ಲಿ ಹಲವರ ಮನೆಮಾತು ಪಶ್ತೋ. ಅದರಲ್ಲಿ ಗಂಡು ಹೆಣ್ಣು ಭೇದ ಇದೆ. ಹಿ, ಶಿ ತೊಡಕು ಯಾರಿಗೆ ಜಾಸ್ತಿ ಅಂತ ಗಮನಿಸಿ ನೋಡಿ, ಸ್ವಾರಸ್ಯವಾಗಿರುತ್ತದೆ.

ಕೋಡ್_ಕಿಟ್ಟಿ

ಇಷ್ಟೆಲ್ಲ ಓದಿದ ಮೇಲೆ ನನಗೇ ಫಾರ್ಸಿ ಕಲಿಯುವ ಆಸೆ ಬಂದಿದೆ. ಕನ್ನಡದವನಿಗೆ ಸುಲಭನಾ? ಸುಮ್ನೆ ಹುರಿದುಂಬಿಸಬೇಡಿ, ನಿಜ ಹೇಳಿ.

ಬೀದರ್_ಬಸವ

ಪದಗಳ ವಿಷಯದಲ್ಲಿ ನೀನು ಶೂನ್ಯದಿಂದ ಶುರು ಮಾಡುವುದಿಲ್ಲ. ಕಾಗದ, ಬಜಾರು, ಕಾರ್ಖಾನೆ, ಗುಮಾಸ್ತ, ಶಿಫಾರಸು, ಪರದೆ, ಜಮೀನು ಎಲ್ಲ ಆ ಕಡೆಯಿಂದಲೇ ಬಂದವು. ಕ್ರಿಯಾಪದ ಕೊನೆಗೆ, ಬಾಲದಲ್ಲಿ ನಾನು ನೀನು, ಇವೂ ನಿನಗೆ ಸಲೀಸು. ಲಿಂಗಭೇದ ಇಲ್ಲ, ಒಂದು ತಲೆನೋವು ಕಮ್ಮಿ.

ಕಷ್ಟ ಬರುವುದು ಎಜಾಫೆಯಲ್ಲಿ. "ದೊಡ್ಡ ಮನೆ" ಅಂತಲೇ ನಿನ್ನ ಬಾಯಿ ಹೊರಡುತ್ತದೆ, "ಬೊಜೊರ್ಗ್ ಖಾನೆ" ಅಂದುಬಿಡುತ್ತೀಯ. ಇನ್ನೊಂದು ಫಜೀತಿ ಓದುವಾಗ. ಆ "ಎ" ಅನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಹ್ರಸ್ವ ಸ್ವರಗಳನ್ನೂ ಬರೆಯುವುದಿಲ್ಲ. ಎರಡು ಪದ ಪಕ್ಕದಲ್ಲಿದ್ದರೆ ಅವು ಎಜಾಫೆಯಿಂದ ಅಂಟಿವೆಯೋ, ಬೇರೆ ಬೇರೆಯೋ ಅಂತ ವಾಕ್ಯ ಅರ್ಥ ಮಾಡಿಕೊಂಡೇ ತಿಳಿಯಬೇಕು. ಮೊದಲು ಅರ್ಥ, ಆಮೇಲೆ ಓದು.

ಕೋಡ್_ಕಿಟ್ಟಿ

ಅರ್ಥ ಆದಮೇಲೆ ಓದುವುದು ಯಾಕೆ ಸ್ವಾಮಿ? ಸರಿ, ಲಿಪಿಯಿಂದ ಶುರು ಮಾಡುತ್ತೇನೆ. ಒಳ್ಳೆ ಆಡಿಯೋ ಪಾಠ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ.